ಅಪ್ಪ ಅಮ್ಮ ಗಾಡಿ ಓಡಿಸೋದನ್ನು ಯಾವಾಗ ನಿಲ್ಲಿಸಬೇಕು? ಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಗೇಟಿನ ಎಡಗಡೆ ಕಂಬದ ಮೇಲೆ, ಮಂಡಿಗಿಂತ ಸ್ವಲ್ಪ ಎತ್ತರದಲ್ಲಿ, ಒಂದು ಬೂದು ಗೆರೆ ಕಾಣಿಸಿತು. ಅಪ್ಪನ ಕಾರಿನ ಬಣ್ಣ. ಕೇಳಿದೆ. "ಅದು ಹಳೇದು ಬಿಡು ಪುಟ್ಟಿ" ಅಂದರು. ಮುಂದಿನ ತಿಂಗಳು ಬೆಂಗಳೂರಿನಿಂದ ಹೋದಾಗ ಅದರ ಕೆಳಗೆ ಇನ್ನೊಂದು ಗೆರೆ ಇತ್ತು. ಕಾರಿನ ಎಡ ಬಾಗಿಲಿನ ಮೇಲೆ ಸುಣ್ಣದ ಬಿಳಿ ಗುರುತು. ನಾನು ಏನೂ ಹೇಳಲಿಲ್ಲ. 45 ವರ್ಷ ಗಾಡಿ ಓಡಿಸಿದವರಿಗೆ ಏನಂತ ಹೇಳೋದು ಅಂತ ಸುಮ್ಮನಾದೆ.

ಐದು ತಿಂಗಳಾದ ಮೇಲೆ ಅಪ್ಪ ತರಕಾರಿ ಅಂಗಡಿ ಮುಂದೆ ಕಾರು ನಿಲ್ಲಿಸುವಾಗ ಪಕ್ಕದಲ್ಲಿ ನಿಂತಿದ್ದ ಸ್ಕೂಟರಿಗೆ ತಾಗಿಸಿ ಬೀಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಎರಡು ನಿಮಿಷ ಮುಂಚೆ ಆ ಸ್ಕೂಟರಿನ ಮೇಲೆ ಒಂದು ಮಗು ಕೂತಿತ್ತು ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು.

ಅಲ್ಲಿಂದ ಅಪ್ಪ ಕೀ ಕೊಡುವವರೆಗೆ ಎಂಟು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ನಾನು ಎಲ್ಲವನ್ನೂ ಹಿಂದುಮುಂದು ಮಾಡಿದೆ. ಮೊದಲು ಕೀ ಕೇಳಿದೆ, ಆಮೇಲೆ ಜಗಳವಾಡಿದೆ, ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಸರಿಯಾದ ಕ್ರಮ ಬೇರೆಯೇ ಇದೆ. ಗಾಡಿ ಬಿಡಿಸೋದು ಕೊನೆಯ ಕೆಲಸ. ಅದಕ್ಕೆ ಮುಂಚೆ, ಆ ಗಾಡಿ ಮಾಡುತ್ತಿದ್ದ ಕೆಲಸಗಳಿಗೆಲ್ಲ ಬೇರೆ ದಾರಿ ಮಾಡಿರಬೇಕು. ನಿಮ್ಮ ಮನೆಯಲ್ಲಿ ಆ ಎರಡು ತಿಂಗಳ ಮನಸ್ತಾಪ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

1. ವಯಸ್ಸು ನೋಡಬೇಡಿ, ಗಾಡಿ ನೋಡಿ

"ಎಪ್ಪತ್ತಾಯ್ತು, ಇನ್ನು ಸಾಕು" ಅನ್ನುವ ಲೆಕ್ಕ ಬೇಡ. ನಮ್ಮ ಕಾನೂನಿನಲ್ಲೂ ಇಂಥ ವಯಸ್ಸಿಗೆ ಗಾಡಿ ಓಡಿಸೋದು ನಿಲ್ಲಿಸಬೇಕು ಅಂತ ಇಲ್ಲ. 80ರಲ್ಲೂ ಅಚ್ಚುಕಟ್ಟಾಗಿ ಓಡಿಸುವವರಿದ್ದಾರೆ. 62ಕ್ಕೇ ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ, ಕಾಲು ಬ್ರೇಕಿನ ಮೇಲಿದೆಯೋ ಇಲ್ಲವೋ ಗೊತ್ತಾಗದವರೂ ಇದ್ದಾರೆ.

ಆದ್ದರಿಂದ ಊರಿಗೆ ಹೋದಾಗ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಬಂಪರಿನ ಮೂಲೆಗಳು, ಎಡಗಡೆಯ ಬಾಗಿಲು, ಸೈಡ್ ಮಿರರ್, ಟೈರಿನ ಪಕ್ಕ ಫುಟ್‌ಪಾತಿಗೆ ಉಜ್ಜಿದ ಗುರುತು. ಸ್ಕೂಟರಾದರೆ ಹ್ಯಾಂಡಲಿನ ತುದಿ, ಬ್ರೇಕ್ ಲಿವರ್, ಸೈಲೆನ್ಸರ್ ಪಕ್ಕ. ಒಂದು ಗೀರು ಎಲ್ಲರ ಗಾಡಿಯಲ್ಲೂ ಇರುತ್ತದೆ. ಪ್ರತಿ ತಿಂಗಳು ಹೊಸದು, ಅದೂ ಒಂದೇ ಬದಿಯಲ್ಲಿ ಬರುತ್ತಿದ್ದರೆ, ಆ ಬದಿಯ ಕಣ್ಣಿಗೆ ಏನೋ ಕಾಣಿಸುತ್ತಿಲ್ಲ ಅಂತ ಅನುಮಾನ ಪಡಬೇಕು.

ಆಮೇಲೆ ಗ್ಯಾರೇಜಿನವರನ್ನು ಕೇಳಿ. ಮಕ್ಕಳಿಗೆ ಗೊತ್ತಿಲ್ಲದ್ದು ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ. "ಸಾರ್ ಈ ವರ್ಷ ಕ್ಲಚ್ ಪ್ಲೇಟ್ ಎರಡು ಸಲ ಹಾಕಿಸಿದ್ರು, ಮಿರರ್ ಮೂರು ಸಲ" ಅಂತ ನಮ್ಮ ಮೆಕ್ಯಾನಿಕ್ ಹೇಳಿದಾಗಲೇ ನನಗೆ ಪೂರ್ತಿ ಚಿತ್ರ ಸಿಕ್ಕಿದ್ದು. ಪಕ್ಕದ ಮನೆಯವರನ್ನೂ ಕೇಳಬಹುದು. ಆದರೆ ಪೊಲೀಸ್ ವಿಚಾರಣೆ ಥರ ಬೇಡ. ಅಪ್ಪನ ಬೆನ್ನ ಹಿಂದೆ ಬೀದಿಯೆಲ್ಲ ವಿಷಯ ಹಬ್ಬಿಸಿದರೆ ಮುಂದೆ ಮಾತಾಡೋಕೆ ದಾರಿಯೇ ಉಳಿಯುವುದಿಲ್ಲ.

2. ಪಕ್ಕದ ಸೀಟಿನಲ್ಲಿ ಕೂತು ಮೂರು ಸಲ ಹೋಗಿ

ಇದಕ್ಕೆ ಬದಲಿ ಇಲ್ಲ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಮಕ್ಕಳು ವಿಡಿಯೋ ಕಾಲ್‌ನಲ್ಲಿ ಇದನ್ನು ತೀರ್ಮಾನ ಮಾಡೋಕೆ ಆಗುವುದಿಲ್ಲ. ನನ್ನ ಅಣ್ಣ ಹೊರದೇಶದಲ್ಲಿದ್ದಾನೆ. "ಅಪ್ಪ ಫೋನಲ್ಲಿ ಚೆನ್ನಾಗೇ ಮಾತಾಡ್ತಾರಲ್ಲ" ಅಂತಿದ್ದ. ಬಂದು ಒಂದು ಸಲ ಕಾರಲ್ಲಿ ಕೂತ ಮೇಲೆ ಅವನೂ ಸುಮ್ಮನಾದ.

ಮೂರು ಸಲ ಅಂದರೆ ಮೂರು ಥರ. ಒಂದು, ಬೆಳಿಗ್ಗೆ ಖಾಲಿ ರಸ್ತೆಯಲ್ಲಿ. ಎರಡು, ಮಾರ್ಕೆಟ್ ಕಡೆ, ಪಾರ್ಕಿಂಗ್ ಹುಡುಕಿ ರಿವರ್ಸ್ ತೆಗೆಯಬೇಕಾದ ಕಡೆ. ಮೂರು, ಸಂಜೆ ಆರೂವರೆ ಏಳರ ಹೊತ್ತು, ಕತ್ತಲಾಗುತ್ತಾ ಎದುರಿನ ಲೈಟುಗಳು ಹತ್ತುವಾಗ. ನೀವು ಸುಮ್ಮನೆ ಕೂತಿರಿ. "ಬ್ರೇಕ್, ಬ್ರೇಕ್" ಅಂತ ಕೂಗಬೇಡಿ. ಕೂಗಿದರೆ ಎಂಥವರ ಕೈಯೂ ನಡುಗುತ್ತದೆ.

ಏನು ನೋಡಬೇಕು? ಬಲಕ್ಕೆ ತಿರುಗುವಾಗ ಎದುರಿನಿಂದ ಬರುವ ಗಾಡಿಯ ವೇಗವನ್ನು ಸರಿಯಾಗಿ ಅಂದಾಜು ಮಾಡುತ್ತಾರಾ? ಹಂಪ್ ಮುಂಚೆಯೇ ಕಾಣುತ್ತದಾ, ಹತ್ತಿದ ಮೇಲೆ ಗೊತ್ತಾಗುತ್ತದಾ? ಪಕ್ಕದಿಂದ ಬೈಕ್ ನುಗ್ಗಿದಾಗ ಬೆಚ್ಚಿಬೀಳುತ್ತಾರಾ? ರಿವರ್ಸ್ ತೆಗೆಯುವಾಗ ಕತ್ತು ತಿರುಗುತ್ತದಾ? ಹಿಂದಿನವರು ಹಾರ್ನ್ ಮಾಡಿದರೆ ಕೇಳಿಸುತ್ತದಾ? ಲೇನಿನ ಮಧ್ಯದಲ್ಲಿ ಹೋಗುತ್ತಾರಾ, ಸ್ವಲ್ಪಸ್ವಲ್ಪವೇ ಎಡಕ್ಕೆ ಸರಿಯುತ್ತಾರಾ?

ನಾನು ಕಲಿತ ದೊಡ್ಡ ವಿಷಯ ಅಮ್ಮನಿಂದ. ಆ ಸಂಜೆ ನಾನು ಹಿಂದಿನ ಸೀಟಿನಲ್ಲಿದ್ದೆ, ಅಮ್ಮ ಮುಂದೆ. ವಿಶ್ವಮಾನವ ಜೋಡಿ ರಸ್ತೆಗೆ ತಿರುಗುವವರೆಗೂ ಅಮ್ಮ ಮೆಲ್ಲಗೆ ಹೇಳುತ್ತಲೇ ಇದ್ದಳು. "ನಾಯಿ ಇದೆ." "ಸೈಕಲ್ಲು." "ಹಂಪ್ ಬಂತು." "ಈಗ ಹೋಗ್ಬೋದು." ಅವಳ ಬಲಗೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಕೈಚೀಲದ ಹಿಡಿ ಎಡಗೈ ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಇದು ಇಬ್ಬರಿಗೂ ಎಷ್ಟು ರೂಢಿಯಾಗಿತ್ತೆಂದರೆ ತಾವು ಹೀಗೆ ಮಾಡುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಅಪ್ಪನ ಅರ್ಧ ಕಣ್ಣು ಅಮ್ಮನಾಗಿದ್ದಳು. ಹಾಗಾದರೆ ಅಮ್ಮ ಇಲ್ಲದೆ ಒಬ್ಬರೇ ಹೋಗುವಾಗ? ನಿಮ್ಮ ಮನೆಯಲ್ಲೂ ಪಕ್ಕದಲ್ಲಿ ಕೂತವರು ಹೀಗೆ ದಾರಿ ಹೇಳುತ್ತಿದ್ದರೆ ಅದನ್ನು ಗಮನಿಸಿ. ಗೀರುಗಳಿಗಿಂತ ಇದು ದೊಡ್ಡ ಸುಳಿವು.

ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಮುಂದೆ ಡಾಕ್ಟರಿಗೆ ಹೇಳೋಕೂ ಬೇಕು, ಅಣ್ಣತಮ್ಮಂದಿರಿಗೆ ತೋರಿಸೋಕೂ ಬೇಕು.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯುವ ಹಾಗಿಲ್ಲ. ಆ ದಿನವೇ ಕೀ ಎತ್ತಿಡಬೇಕು, ಡಾಕ್ಟರು ನೋಡಿ ಹೇಳುವವರೆಗೂ ಕೊಡಬಾರದು:

- ದಿನಾ ಹೋಗುವ ರಸ್ತೆಯಲ್ಲೇ ದಾರಿ ತಪ್ಪಿದರೆ
- ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದರೆ, ಒಂದೇ ಸಲ ಆದರೂ
- ಓಡಿಸುವಾಗ ಕಣ್ಣು ಕತ್ತಲೆ ಬಂದರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ
- ಕೆಂಪು ಸಿಗ್ನಲ್ ಇತ್ತು ಅನ್ನುವುದೇ ಗೊತ್ತಾಗದೆ ದಾಟಿದರೆ
- ಇತ್ತೀಚೆಗೆ ಸ್ಟ್ರೋಕ್ ಆಗಿದ್ದರೆ

ಉಳಿದದ್ದಕ್ಕೆ ಸಮಯ ಇದೆ. ಇನ್ನೊಂದು ಮಾತು. "ರಾತ್ರಿ ನನಗೆ ಸರಿಯಾಗಿ ಕಾಣಲ್ಲ, ಅದಕ್ಕೇ ಓಡಿಸಲ್ಲ" ಅನ್ನುವ ಅಪ್ಪನ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಅವರಿಗೆ ತಮ್ಮ ಮಿತಿ ಗೊತ್ತಿದೆ. "ನನಗೇನಾಗಿದೆ? ಇವತ್ತಿನ ಹುಡುಗರಿಗೇ ಓಡಿಸೋಕೆ ಬರಲ್ಲ" ಅನ್ನುವವರ ಗಾಡಿಯಲ್ಲಿ ಹೊಸ ಗೀರು ಕಂಡರೆ ಜಾಸ್ತಿ ಹುಷಾರಾಗಿರಬೇಕು.

3. ಸ್ಕೂಟರ್ ಲೆಕ್ಕ ಬೇರೆ

ಹೊರದೇಶದ ಸಲಹೆಗಳೆಲ್ಲ ಕಾರಿನ ಬಗ್ಗೆ ಇರುತ್ತವೆ. ನಮ್ಮ ಊರುಗಳಲ್ಲಿ ಹಿರಿಯರು ಜಾಸ್ತಿ ಓಡಿಸುವುದು ಸ್ಕೂಟರ್. ಕಾರಿನಲ್ಲಿ ಸಣ್ಣ ತಪ್ಪಾದರೆ ತಗಡು ಜಜ್ಜುತ್ತದೆ. ಸ್ಕೂಟರಿನಲ್ಲಿ ಅದೇ ತಪ್ಪಿಗೆ ಸೊಂಟದ ಮೂಳೆ ಮುರಿಯುತ್ತದೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಇನ್ನೂ ಕಷ್ಟ. ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತಸ್ರಾವವಾಗುವ ಅಪಾಯ ಅವರಿಗೆ ಜಾಸ್ತಿ.

ಸ್ಕೂಟರಿಗೆ ನೋಡಬೇಕಾದದ್ದು ವೇಗವಲ್ಲ, ನಿಧಾನ. ಗೇಟಿನ ಹತ್ತಿರ ನಿಂತು ನೋಡಿ. ಸೆಂಟರ್ ಸ್ಟಾಂಡ್ ಹಾಕೋಕೆ, ತೆಗೆಯೋಕೆ ಆಗುತ್ತದಾ? ಹೊರಡುವಾಗ ಎರಡೂ ಕಾಲು ನೆಲಕ್ಕೆ ಇಳಿಬಿಟ್ಟು ಎಳೆದುಕೊಂಡು ಎಷ್ಟು ದೂರ ಹೋಗುತ್ತಾರೆ? ಬೀದಿಯಲ್ಲೇ ಯೂ ಟರ್ನ್ ಮಾಡುವಾಗ ಹ್ಯಾಂಡಲ್ ತೊನೆಯುತ್ತದಾ? ಹಿಂದೆ ನೋಡೋಕೆ ಕತ್ತು ತಿರುಗಿಸಿದರೆ ಗಾಡಿಯೂ ಅದೇ ಕಡೆ ವಾಲುತ್ತದಾ? ಇದರಲ್ಲಿ ಎರಡಕ್ಕೆ ಉತ್ತರ ಸರಿಯಿಲ್ಲ ಅಂದರೆ ಸ್ಕೂಟರನ್ನು ಕಾರಿಗಿಂತ ಮುಂಚೆ ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊಮ್ಮಗನನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಲಿಗೆ ಬಿಡುವ ತಾತಂದಿರು ಎಷ್ಟೋ ಜನ ಇದ್ದಾರೆ. ಆ ಕೆಲಸವನ್ನಂತೂ ಮೊದಲು ಬೇರೆಯವರಿಗೆ ವಹಿಸಿ.

ಕೆಲವರು ಸುಲಭವಾಗಲಿ ಅಂತ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸುತ್ತಾರೆ. ಸ್ವಲ್ಪ ಯೋಚಿಸಿ. ಅದು ಸದ್ದಿಲ್ಲದೆ ಆನ್ ಆಗಿರುತ್ತದೆ, ಹ್ಯಾಂಡಲ್ ಸ್ವಲ್ಪ ತಿರುಗಿದರೂ ತಟ್ಟನೆ ಮುಂದೆ ನುಗ್ಗುತ್ತದೆ. ಗೇರಿಲ್ಲದ ಕಾರಿನದ್ದೂ ಹೀಗೇ. ಮಂಡಿನೋವಿಗೆ ಮಾತ್ರ ಕ್ಲಚ್ ತುಳಿಯೋಕೆ ಕಷ್ಟ ಅನ್ನುವವರಿಗೆ ಅದು ನಿಜವಾಗಿ ಅನುಕೂಲ. ಮರೆವು ಶುರುವಾಗಿರುವವರಿಗೆ ಹೊಸ ಗಾಡಿಯೇ ಹೊಸ ಗೊಂದಲ.

4. ಡಾಕ್ಟರ ಹತ್ತಿರ ಹೋಗಿ, ಆದರೆ ಗಾಡಿ ಬಿಡಿಸೋಕೆ ಅಂತ ಅಲ್ಲ

ಗಾಡಿ ಓಡಿಸೋಕೆ ಕಷ್ಟವಾಗುವ ಕಾರಣಗಳಲ್ಲಿ ಎಷ್ಟೋ ವಾಸಿಯಾಗುವಂಥವು. "ಇನ್ನೂ ಕೆಲವು ವರ್ಷ ನೀವು ನೆಮ್ಮದಿಯಾಗಿ ಓಡಿಸೋ ಹಾಗಾಗಲಿ, ಒಂದ್ಸಲ ತೋರಿಸ್ಕೊಂಡು ಬರೋಣ" ಅಂತ ಹೇಳಿ. ಮನಸ್ಸಿನಲ್ಲೂ ಹಾಗೇ ಇಟ್ಟುಕೊಂಡು ಹೋಗಿ.

ಮೊದಲು ಕಣ್ಣು. ಇದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಲೈಸೆನ್ಸಿಗೆ ಅರ್ಜಿ ಹಾಕುವಾಗ ತುಂಬುವ ಫಾರಂ 1ರಲ್ಲಿ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಒಂದೊಂದು ಕಣ್ಣಿಗೂ ಕಾಣುತ್ತದಾ ಅಂತ ಕೇಳುತ್ತಾರೆ. ಕನ್ನಡಕ ಹಾಕಿಕೊಳ್ಳಬಹುದು. 25 ಮೀಟರ್ ಅಂದರೆ ಸುಮಾರು 35 ಹೆಜ್ಜೆ. ಬೀದಿಯಲ್ಲಿ ನಿಂತ ಕಾರಿನಿಂದ 35 ಹೆಜ್ಜೆ ಅಳೆದು ಅಪ್ಪನನ್ನು ನಿಲ್ಲಿಸಿ. ಒಂದು ಕಣ್ಣು ಮುಚ್ಚಿ ಓದಿಸಿ, ಆಮೇಲೆ ಇನ್ನೊಂದು. ನೀವೂ ಓದಿ, ಅವರೊಬ್ಬರಿಗೇ ಪರೀಕ್ಷೆ ಅನ್ನಿಸಬಾರದು. ನಮ್ಮ ಬೀದಿಯಲ್ಲಿ ಅಪ್ಪ ಬಲಗಣ್ಣಿನಲ್ಲಿ ಸಲೀಸಾಗಿ ಓದಿದರು. ಎಡಗಣ್ಣಿನಲ್ಲಿ ಅಕ್ಷರವೇ ಕಾಣಲಿಲ್ಲ. ಅವರೇ ಕೈ ತೆಗೆದು ಕಣ್ಣುಜ್ಜಿಕೊಂಡು ಮತ್ತೆ ಮುಚ್ಚಿ ನೋಡಿದರು. ಎರಡು ಸಲ. ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ತುಂಬಾ ಹೊತ್ತು ಒರೆಸಿದರು. ನಾನು ಒಂದು ಮಾತೂ ಹೇಳಬೇಕಾಗಿ ಬರಲಿಲ್ಲ.

ಪೊರೆ ಬಂದಿದ್ದರೆ ರಾತ್ರಿ ಎದುರಿನ ಲೈಟು ಚೆಲ್ಲಾಪಿಲ್ಲಿಯಾಗಿ ಹರಡಿ ಕಣ್ಣು ಕುಕ್ಕುತ್ತದೆ. ಆಪರೇಷನ್ ಆದರೆ ಇದು ಎಷ್ಟೋ ಸರಿಹೋಗುತ್ತದೆ. ಗ್ಲಾಕೋಮಾ ಹಾಗಲ್ಲ. ಎದುರಿನದು ಚೆನ್ನಾಗೇ ಕಾಣುತ್ತಿರುತ್ತದೆ, ಪಕ್ಕದ ನೋಟ ಮಾತ್ರ ಸದ್ದಿಲ್ಲದೆ ಹೋಗುತ್ತಿರುತ್ತದೆ. ಇದ್ದವರಿಗೇ ಗೊತ್ತಾಗುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದು. ಬೋರ್ಡಿನ ಅಕ್ಷರ ಓದಿಸಿದರೆ ಇದು ಸಿಗುವುದಿಲ್ಲ. ಕಣ್ಣಿನ ಒತ್ತಡ ನೋಡಿ, ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿ ಅಂತ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ನರದ ಪರದೆಯನ್ನೂ ನೋಡಿಸಿ. ಅಪ್ಪನಿಗೆ ಎಡಗಣ್ಣಿನಲ್ಲಿ ಪೊರೆಯೂ ಇತ್ತು, ಗ್ಲಾಕೋಮಾವೂ ಇತ್ತು.

ಎರಡನೆಯದು ಮಾತ್ರೆಗಳು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದಿಡಿ. ನಿದ್ದೆಗೆ ಅಂತ ವರ್ಷಗಟ್ಟಲೆ ನುಂಗುವ ಅಲ್ಪ್ರಜೋಲಮ್, ಕ್ಲೋನಾಜೆಪಾಮ್ ಬೆಳಿಗ್ಗೆಯೂ ಮಂಪರು ಉಳಿಸಬಹುದು. ನರದ ಉರಿಗೆ ಕೊಡುವ ಪ್ರಿಗಾಬಲಿನ್ ತೂಕಡಿಕೆ ತರುತ್ತದೆ. ನೆಗಡಿ ಮಾತ್ರೆಯೂ ಅಷ್ಟೇ. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳಿಂದ ಎದ್ದು ನಿಂತಾಗ ತಲೆ ಸುತ್ತುತ್ತದೆ. ಇವನ್ನು ನೀವಾಗಿ ನಿಲ್ಲಿಸಬೇಡಿ. ನಿದ್ದೆ ಮಾತ್ರೆ ಏಕಾಏಕಿ ಬಿಟ್ಟರೆ ತೊಂದರೆಯಾಗುತ್ತದೆ. "ಇವರು ಗಾಡಿ ಓಡಿಸ್ತಾರೆ, ಬದಲಾಯಿಸಬಹುದಾ, ಹೊತ್ತು ಬದಲಿಸಬಹುದಾ" ಅಂತ ಡಾಕ್ಟರನ್ನೇ ಕೇಳಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಇಳಿಯುವ ಅಪಾಯ ಇದೆ. 70ಕ್ಕಿಂತ ಕೆಳಗೆ ಇಳಿದರೆ ಬೆವರು, ನಡುಕ, ಗಲಿಬಿಲಿ. ತಿಂಡಿ ತಡವಾದ ದಿನ, ಏಕಾದಶಿ ಉಪವಾಸದ ದಿನ ಗಾಡಿ ತೆಗೆಯಲೇಬಾರದು. ಉಳಿದ ದಿನವೂ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ.

ಕಿವಿ, ಕತ್ತು, ಮಂಡಿಯನ್ನೂ ಇದೇ ಸುತ್ತಿನಲ್ಲಿ ತೋರಿಸಿಬಿಡಿ. ಕತ್ತಿನ ವ್ಯಾಯಾಮದಿಂದ ಎಷ್ಟೋ ಜನಕ್ಕೆ ಅನುಕೂಲವಾಗುತ್ತದೆ.

ಮರೆವಿನ ಅನುಮಾನ ಇದ್ದರೆ ಅದನ್ನು "ವಯಸ್ಸಾಯ್ತು" ಅಂತ ತಳ್ಳಿಹಾಕಬೇಡಿ. ಕೀ ಎಲ್ಲಿಟ್ಟೆ ಅಂತ ಮರೆಯೋದು ಬೇರೆ, ಕೀ ಹಿಡಿದುಕೊಂಡು ಇದು ಯಾತಕ್ಕೆ ಅಂತ ಯೋಚಿಸೋದು ಬೇರೆ. ನರರೋಗ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆ ಅಂತಲೇ ವಿಭಾಗ ಇದೆ. ಗಡಿಯಾರದ ಚಿತ್ರ ಬರೆಸೋದು, ಪದಗಳನ್ನು ನೆನಪಿಟ್ಟು ಹೇಳಿಸೋದು, ಹೀಗೆ ಸರಳವಾಗಿ ಶುರುವಾಗುತ್ತದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಇವುಗಳಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ.

5. ಕಾನೂನು, ಚುಟುಕಾಗಿ

2019ರ ತಿದ್ದುಪಡಿಯ ನಂತರ, 55 ದಾಟಿದವರಿಗೆ ಲೈಸೆನ್ಸ್ 5 ವರ್ಷಕ್ಕೆ ಮಾತ್ರ ಸಿಗುತ್ತದೆ. ಪ್ರತಿ ಸಲ ನವೀಕರಣಕ್ಕೆ ಫಾರಂ 1ಎ, ಅಂದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡ. ದೇಹಸ್ಥಿತಿ ಸರಿಯಿಲ್ಲ ಅಂತ ಗೊತ್ತಿದ್ದೂ ಓಡಿಸೋದು ಪ್ರತ್ಯೇಕ ಅಪರಾಧ. ಅವಧಿ ಮುಗಿದ ಲೈಸೆನ್ಸಿನಲ್ಲಿ ಅಪಘಾತವಾದರೆ ಇನ್ಶೂರೆನ್ಸ್‌ನವರ ಜೊತೆ ಜಗಳ ಗ್ಯಾರಂಟಿ. ಹೊರಗಿನವರಿಗೆ ಪರಿಹಾರ ಕೊಟ್ಟು ಆ ದುಡ್ಡನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡುವುದೂ ಉಂಟು. ಅದಕ್ಕೇ ಇವತ್ತೇ ಅಪ್ಪನ ಡಿಎಲ್ ತೆಗೆದು ತಾರೀಕು ನೋಡಿ.

ಈ ಸರ್ಟಿಫಿಕೇಟನ್ನು ನಾವು ಬರೀ ಕಾಗದ ಮಾಡಿಬಿಟ್ಟಿದ್ದೇವೆ. ಹಿಂದಿನ ಸಲ ಅಪ್ಪನಿಗೆ ಸಹಿ ಹಾಕಿಕೊಟ್ಟವರು ಕಣ್ಣಿನ ಬೋರ್ಡ್ ಕೂಡ ತೋರಿಸಲಿಲ್ಲ. ಎರಡು ನಿಮಿಷದಲ್ಲಿ ಮುಗಿಯಿತು. ಆ ದಿನ ಎಡಗಣ್ಣು ಮುಚ್ಚಿಸಿ, ಬಲಗಣ್ಣು ಮುಚ್ಚಿಸಿ ನೋಡಿದ್ದಿದ್ದರೆ ಎಡಗಣ್ಣಿನಲ್ಲಿ ಏನೋ ತೊಂದರೆ ಇದೆ ಅಂತ ಆಗಲೇ ಗೊತ್ತಾಗುತ್ತಿತ್ತೇನೋ. ನವೀಕರಣದ ಹೊತ್ತು ಬಂದಾಗ ಒಂದು ನಿಜವಾದ ತಪಾಸಣೆ ಮಾಡಿಸಿ. ಎಲ್ಲಕ್ಕಿಂತ ಸಹಜವಾದ ಸಂದರ್ಭ ಅದು, ಯಾರ ಮನಸ್ಸಿಗೂ ನೋವಾಗುವುದಿಲ್ಲ.

6. ಕೀ ಕೇಳುವ ಮೊದಲು, ವಾರದ ಪಟ್ಟಿ

ಇದನ್ನು ನಾನು ಮೊದಲು ಮಾಡಬೇಕಿತ್ತು. ಒಂದು ವಾರ ಗಾಡಿ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಬರೆಯಿರಿ. ಅಪ್ಪನ ಪಟ್ಟಿ ಹೀಗಿತ್ತು. ದಿನಾ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ, ವಾಕಿಂಗ್. ವಾರಕ್ಕೆರಡು ಸಲ ತರಕಾರಿ, ಹಣ್ಣು. ಶುಕ್ರವಾರ ಅಮ್ಮನಿಗೆ ದೇವರಾಜ ಮಾರ್ಕೆಟ್‌ನಿಂದ ಹೂವು. ತಿಂಗಳಿಗೊಂದು ಸಲ ಬ್ಯಾಂಕ್, ಔಷಧಿ ಅಂಗಡಿ. ಸೋದರತ್ತೆ ಮನೆಗೆ ನಂಜನಗೂಡಿಗೆ. ಮದುವೆ, ಮುಂಜಿ, ತಿಥಿ.

ಪಟ್ಟಿ ನೋಡಿದ ಮೇಲೆ ಗೊತ್ತಾಯಿತು, ಅಪ್ಪನಿಗೆ ಕಾರು ಮುಖ್ಯ ಅಲ್ಲ. ಬೆಳಗಿನ ಆರು ಗಂಟೆ ಮುಖ್ಯ. ಆ ಕೆರೆ ಏರಿಯ ಮೇಲೆ ಅವರಿಗೆ ಐದು ಜನ ಗೆಳೆಯರಿದ್ದಾರೆ. ಕಾರು ಹೋದರೆ ಅವರೂ ಹೋಗುತ್ತಾರೆ ಅಂತ ಅಪ್ಪನಿಗೆ ಭಯ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ತರಕಾರಿಯನ್ನು ಫೋನಿನಲ್ಲೇ ತರಿಸಬಹುದು ಅಂತ ನಾನು ಹೇಳಿದ್ದು ಅವರಿಗೆ ಸಮಾಧಾನವಾಗದೆ ಇದ್ದದ್ದು ಅದಕ್ಕೇ.

ಪಟ್ಟಿಯ ಒಂದೊಂದಕ್ಕೂ ಎದುರಿಗೆ ಉಪಾಯ ಬರೆಯಿರಿ. ವಾಕಿಂಗ್‌ಗೆ, ಅದೇ ದಾರಿಯಲ್ಲಿ ಹೋಗುವ ಗೆಳೆಯರೊಬ್ಬರು ಕರೆದುಕೊಂಡು ಹೋಗಲು ಒಪ್ಪಿದರು. ಪೆಟ್ರೋಲಿಗೆ ಅಪ್ಪ ಪಾಲು ಕೊಡುತ್ತಾರೆ, ಕೊಡದೆ ಹೋಗಲು ಅವರ ಮನಸ್ಸು ಒಪ್ಪುವುದಿಲ್ಲ. ಉಳಿದದ್ದಕ್ಕೆ ಬೀದಿ ಕೊನೆಯ ಆಟೋ ಸ್ಟಾಂಡಿನ ಒಬ್ಬರನ್ನು ಗೊತ್ತುಮಾಡಿದೆವು. ಹೊರ ಊರಿಗೆ ಹೋಗುವ ದಿನ ಡ್ರೈವರನ್ನು ಕರೆಸಿ ಸ್ವಂತ ಕಾರಿನಲ್ಲೇ ಹೋಗುವುದು. ಅಮ್ಮನಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸು ಉಚಿತ. 60 ದಾಟಿದ ಅಪ್ಪನಿಗೂ ಕೆಎಸ್‌ಆರ್‌ಟಿಸಿಯಲ್ಲಿ ರಿಯಾಯಿತಿ ಇದೆ. ಬಸ್ಸು ಹತ್ತೋಕೆ ಮಂಡಿ ಒಪ್ಪಬೇಕು, ಅದನ್ನೂ ನೋಡಿಕೊಳ್ಳಿ.

ಆಮೇಲೆ ದುಡ್ಡಿನ ಲೆಕ್ಕ. ಪಿಂಚಣಿಯ ಮನೆಯಲ್ಲಿ ಇದು ತೂಕದ ಮಾತು. "ಆಟೋಗೆ ಯಾಕೆ ಸುಮ್ನೆ ದುಡ್ಡು ದಂಡ" ಅನ್ನುವುದು ಎಲ್ಲ ಅಪ್ಪಂದಿರ ಮಾತು. ನಮ್ಮ ಮನೆಯಲ್ಲಿ ಪೆಟ್ರೋಲಿಗೆ ತಿಂಗಳಿಗೆ 2,500 ರೂಪಾಯಿ, ವರ್ಷಕ್ಕೆ 30,000. ಇನ್ಶೂರೆನ್ಸ್ 7,000. ಸರ್ವೀಸ್ 8,000. ಒಟ್ಟು 45,000, ಅಂದರೆ ತಿಂಗಳಿಗೆ 3,750. ಒಂದು ಸಲ ಆಟೋಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 37 ಸಲ ಓಡಾಡಬಹುದು. ಈ ಲೆಕ್ಕವನ್ನು ನಾನು ಹೇಳಲಿಲ್ಲ. ಅಪ್ಪನ ಡೈರಿಯ ಖರ್ಚಿನ ಪುಟ ಮುಂದಿಟ್ಟು ಅವರಿಂದಲೇ ಕೂಡಿಸಿದೆ. ಅವರು ಎರಡು ಸಲ ಕೂಡಿಸಿದರು.

7. ಮಾತು

ಒಬ್ಬರೇ ಮಾತಾಡಿ. ಹಬ್ಬಕ್ಕೆ ಎಲ್ಲರೂ ಸೇರಿದಾಗ, ಅಳಿಯ ಸೊಸೆ ಮುಂದೆ ಈ ವಿಷಯ ಎತ್ತಲೇಬಾರದು. ಮನೆಯಲ್ಲಿ ಅವರ ಮಾತು ಯಾರು ಕೇಳುತ್ತಾರೋ ಅವರು ಮಾತಾಡಲಿ. ದೊಡ್ಡ ಮಗನೇ ಆಗಬೇಕಿಲ್ಲ. ಕೆಲವು ಮನೆಯಲ್ಲಿ ಅಪ್ಪನ ತಮ್ಮ, ಕೆಲವು ಕಡೆ ಹಳೆಯ ಗೆಳೆಯರು. ಅಮ್ಮನ ಕೈಲಿ ಹೇಳಿಸಬೇಡಿ. ದಿನವಿಡೀ ಜೊತೆಗಿರೋರು ಅವರು, ಪೂರ್ತಿ ಸಿಟ್ಟು ಅವರ ಮೇಲೇ ಬೀಳುತ್ತದೆ.

"ನಿಮಗೆ ವಯಸ್ಸಾಯ್ತು" ಅನ್ನಬೇಡಿ. "ಯಾರನ್ನಾದ್ರೂ ಗುದ್ದಿ ಸಾಯಿಸ್ತೀರ" ಅಂತ ನಾನೇ ಒಂದು ಸಲ ಸಿಟ್ಟಿನಲ್ಲಿ ಅಂದುಬಿಟ್ಟಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳೋಕೆ ಈಗಲೂ ಆಗಿಲ್ಲ. ನೋಡಿದ್ದನ್ನು ಮಾತ್ರ ಹೇಳಿ, ಆಮೇಲೆ ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ನಮ್ಮ ಎರಡನೇ ಮಾತುಕತೆ ಹೀಗಿತ್ತು.

"ಅಪ್ಪ, ಆವತ್ತು ಬಲ್ಲಾಳ್ ಸರ್ಕಲ್ ಹತ್ರ ಎಡಗಡೆಯಿಂದ ಬಂದ ಬೈಕು ನಿಮಗೆ ಕಾಣಿಸ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ."

"ಹಾಗೆ ಮುಂಚೆನೂ ಆಗಿತ್ತಾ?"

"ಎರಡು ಮೂರು ಸಲ." ಆಮೇಲೆ ಅವರೇ ಕೇಳಿದರು, "ನಿಮ್ಮಮ್ಮಂಗೆ ಗೊತ್ತಾಗಿದ್ಯಾ?"

ಅವರಿಗೂ ಭಯ ಇತ್ತು, ನಮಗಿಂತ ಮುಂಚಿನಿಂದಲೇ. ಅದನ್ನು ಹೇಳಿಕೊಳ್ಳೋಕೆ ಜಾಗ ಇರಲಿಲ್ಲ. ಒಂದೇ ಮಾತಿಗೆ ಒಪ್ಪಬೇಕು ಅಂತ ಕಾಯಬೇಡಿ. ಮೂರು ನಾಲ್ಕು ಸಲ ಬೇಕಾಗುತ್ತದೆ.

ಅಮ್ಮ ಗಾಡಿ ಓಡಿಸುವವರಾದರೆ ಒಂದು ಎಚ್ಚರಿಕೆ. ಲೂನಾ, ಕೈನೆಟಿಕ್ ಹೋಂಡಾ ಕಾಲದಲ್ಲಿ ಗಾಡಿ ಕಲಿತ ಹೆಂಗಸರು ಈಗ 60, 70ರಲ್ಲಿದ್ದಾರೆ. ಅಪ್ಪ ನಿಲ್ಲಿಸಿದರು ಅಂತ ಅಮ್ಮನನ್ನೂ ನಿಲ್ಲಿಸಬೇಡಿ. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ಒಂದು ತೊಂದರೆಯೂ ಇಲ್ಲದಿದ್ದರೂ "ನಿನಗ್ಯಾಕೆ" ಅಂತ ಮೊದಲು ಅವಳ ಕೈಯಿಂದಲೇ ಕೀ ಕಿತ್ತುಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಪರೀಕ್ಷೆ, ಒಂದೇ ಅಳತೆ.

8. ಸ್ವಲ್ಪಸ್ವಲ್ಪವಾಗಿ

ತುರ್ತು ಇಲ್ಲದಿದ್ದರೆ ಹಂತಹಂತವಾಗಿ ಕಡಿಮೆ ಮಾಡಿ. ಮೊದಲು ಕತ್ತಲಾದ ಮೇಲೆ ಬೇಡ. ಆಮೇಲೆ ಮಳೆಯಲ್ಲಿ ಬೇಡ, ಹೈವೇ ಬೇಡ, ರಿಂಗ್ ರೋಡ್ ಬೇಡ. ಆಮೇಲೆ ಬೆಳಿಗ್ಗೆ ಮಾತ್ರ, ಬಡಾವಣೆ ಒಳಗೆ ಮಾತ್ರ. ಮೂರು ತಿಂಗಳಿಗೊಮ್ಮೆ ಮತ್ತೆ ಪಕ್ಕದಲ್ಲಿ ಕೂತು ನೋಡಿ. ಅಪ್ಪ ಇದನ್ನು ಒಂದು ಹಾಳೆಯಲ್ಲಿ ತಮ್ಮ ಕೈಯಲ್ಲೇ ಬರೆದು, ಸಹಿ ಹಾಕಿ, ಬೀರು ಬಾಗಿಲ ಒಳಗೆ ಅಂಟಿಸಿದರು. ತಾವೇ ಹಾಕಿಕೊಂಡ ನಿಯಮ ಅಂತ ಪಾಲಿಸಿದರು. ನಾನು ಹೇಳಿದ್ದರೆ ಪಾಲಿಸುತ್ತಿರಲಿಲ್ಲ ಅನ್ನಿಸುತ್ತದೆ. ಹೀಗೆ ಶುರು ಮಾಡಿದ ಆರನೇ ತಿಂಗಳಿಗೆ ಅವರೇ ಕೀ ತಂದುಕೊಟ್ಟರು.

ಸ್ಕೂಟರಿಗೆ ಈ ಮೆಟ್ಟಿಲು ಬೇಡ. ಸಮತೋಲನ ಹೋಗಿದ್ದರೆ ಬೀದಿ ಒಳಗೂ ಬೀಳುತ್ತಾರೆ.

9. ಒಪ್ಪದೆ ಇದ್ದರೆ

ಬುದ್ಧಿ ಚುರುಕಾಗಿದ್ದು ಹಟ ಮಾಡುವವರಿಗೆ ಡಾಕ್ಟರು ಚೀಟಿಯ ಮೇಲೆ ಬರೆದುಕೊಡುವ ಮಾತು ಕೆಲಸ ಮಾಡುತ್ತದೆ. "ವಾಹನ ಚಾಲನೆ ಬೇಡ" ಅಂತ ಬರೆದುಕೊಡಿ ಅಂತ ಕೇಳಿ. ಮಗಳ ಮಾತಿಗೆ ಸೋಲೋದು ಬೇರೆ, ಡಾಕ್ಟರ ಮಾತು ಕೇಳೋದು ಬೇರೆ, ಅಲ್ವಾ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದ್ದರೆ ವಾದ ಮಾಡಿ ಫಲವಿಲ್ಲ. ಇವತ್ತು ಒಪ್ಪಿದ್ದು ನಾಳೆ ನೆನಪಿರುವುದಿಲ್ಲ, ನಾಳೆ ಮತ್ತೆ ಅಷ್ಟೇ ನೋವು. ಕೀ ಕಣ್ಣಿಗೆ ಬೀಳದ ಹಾಗಿಡಿ. ಮೆಕ್ಯಾನಿಕ್ ಹತ್ತಿರ ಬ್ಯಾಟರಿ ಕನೆಕ್ಷನ್ ತೆಗೆಸಿ. ಗಾಡಿಯೇ ಮನೆ ಮುಂದೆ ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು. ಕೇಳಿದಾಗ "ಇವತ್ತು ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಬನ್ನಿ" ಅಂದರೆ ಸಾಕು. ಮನೆಯಲ್ಲಿ ತೀರಾ ಕಷ್ಟವಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು, ಉಚಿತ.

10. ಕೀ ಕೊಟ್ಟ ಮೇಲೆ

ಜಪಾನಿನಲ್ಲಿ ವಯಸ್ಸಾದವರು ತಾವಾಗಿಯೇ ಲೈಸೆನ್ಸ್ ಹಿಂದಿರುಗಿಸುವ ವ್ಯವಸ್ಥೆ 1998ರಿಂದ ಇದೆ. ಹಿಂದಿರುಗಿಸಿದವರು ಬೇಕೆಂದರೆ ಇಷ್ಟು ವರ್ಷ ಗಾಡಿ ಓಡಿಸಿದವರು ಅಂತ ಒಂದು ಕಾರ್ಡ್ ಪಡೆಯಬಹುದು. ಅದನ್ನು ತೋರಿಸಿದರೆ ಎಷ್ಟೋ ಊರುಗಳಲ್ಲಿ ಬಸ್ಸಿಗೆ, ಟ್ಯಾಕ್ಸಿಗೆ ರಿಯಾಯಿತಿ. ನನಗೆ ಇದು ತುಂಬಾ ಇಷ್ಟವಾಯಿತು. ನಮ್ಮಲ್ಲಿ ಅಂಥ ಕಾರ್ಡ್ ಇಲ್ಲ. ಹಳೆಯ ಲೈಸೆನ್ಸನ್ನು ಅಪ್ಪನ ಹತ್ತಿರವೇ ಬಿಟ್ಟೆವು. ಪರ್ಸಿನಲ್ಲಿ ಈಗಲೂ ಇದೆ.

ಕಾರನ್ನು ಮಾರುವ ಆತುರ ಬೇಡ. ಡ್ರೈವರ್ ಕರೆಸಿ ಹೋಗೋಕೆ ಕೆಲವು ತಿಂಗಳು ಇರಲಿ. ಮಾರುವ ದಿನ ಬಂದರೆ ಬೆಲೆ ಅವರೇ ಮಾತಾಡಲಿ. ಆರ್‌ಸಿ ಖರೀದಿದಾರರ ಹೆಸರಿಗೆ ವರ್ಗಾವಣೆ ಆಯಿತಾ ಅಂತ ಮರೆಯದೆ ನೋಡಿಕೊಳ್ಳಿ.

ಮೊದಲ ಎರಡು ತಿಂಗಳು ವಾರಕ್ಕೊಂದು ಸಲ ಆ ಹಳೆಯ ಪಟ್ಟಿ ತೆಗೆದು ನೋಡಿ. ಎಲ್ಲಿಗೆ ಹೋಗೋದು ನಿಂತಿದೆ? ನಮ್ಮಪ್ಪ ಮೂರನೇ ವಾರಕ್ಕೆ ಬ್ಯಾಂಕಿಗೆ ಹೋಗೋದನ್ನು ಬಿಟ್ಟಿದ್ದರು, ನಂಜನಗೂಡಿಗೂ ಹೋಗಿರಲಿಲ್ಲ. ಕೇಳಿದರೆ "ಏನೂ ಕೆಲಸ ಇರ್ಲಿಲ್ಲ" ಅಂದರು. ಅಮ್ಮ ಹೇಳಿದಳು, ಪ್ರತಿ ಸಲ ಆಟೋದವರಿಗೆ ಫೋನ್ ಮಾಡಿ ಕೇಳೋಕೆ ಅವರಿಗೆ ಸಂಕೋಚ ಅಂತ. ಕೇಳಿಕೊಂಡು ಹೋಗುವ ಅಭ್ಯಾಸವೇ ಅವರಿಗಿರಲಿಲ್ಲ. ಅದಕ್ಕೆ ದಿನ ಗೊತ್ತುಮಾಡಿದೆವು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಆಟೋ ಗೇಟಿನ ಮುಂದೆ ಬಂದು ನಿಲ್ಲುತ್ತದೆ, ಕೆಲಸ ಇರಲಿ ಬಿಡಲಿ. ತಿಂಗಳ ದುಡ್ಡು ಒಂದನೇ ತಾರೀಕು ಅಪ್ಪನೇ ಕೈಯಾರೆ ಕೊಡುತ್ತಾರೆ. ಮೊದಲ ಶುಕ್ರವಾರ ಹತ್ತು ಗಂಟೆಗೇ ಚಪ್ಪಲಿ ಹಾಕಿಕೊಂಡು, ಹೂವಿನ ಚೀಲ ಹಿಡಿದು ಜಗಲಿಯ ಮೇಲೆ ಕೂತಿದ್ದರಂತೆ.